ನಾಲ್ಕು ಬೆರಳು ಹೆಚ್ಚು

ನಮ್ಮ ಎದುರು ಮನೆಯ ಅಬ್ದುಸ್ಸಲಾಮ್ ಭಾಯ್ ಜೀವಮಾನದಲ್ಲಿ ಯಾರಿಗೂ ಅಳತೆಯಲ್ಲಿ ಮೋಸ ಮಾಡಿದವರಲ್ಲ. ಇದನ್ನು ಬರೀ ಹೊಗಳಿಕೆ ಎಂದುಕೊಳ್ಳಬೇಡಿ. ಈ ಗುಣದಿಂದಾಗಿಯೇ ಅವರ ಹೆಂಡತಿ ಸಾಲಿಹಾ ಒಂದು ವರ್ಷ ಪೂರ್ತಿ ತನ್ನ ಮನೆಯೊಳಗೆ ತನ್ನದೇ ಉಯ್ಯಾಲೆಗಾಗಿ ಕಾದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಇಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಭಟ್ಕಳದ ನವಾಯತರು. ಇಪ್ಪತ್ತನೆಯ ವಯಸ್ಸಿಗೆ ಬಂದು ಬರ್ ದುಬೈಯ ಒಂದು ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತವರು, ಮೂವತ್ತೆರಡು ವರ್ಷ ಕಳೆದರೂ ಅಲ್ಲೇ ನಿಂತಿದ್ದಾರೆ. ಕೆಲಸದವನಾಗಿದ್ದವರು ಮ್ಯಾನೇಜರ್ ಆದರು, ಆದರೆ ಕೈಯಲ್ಲಿನ ಗಜಕೋಲನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಗಿರಾಕಿ ಮೂರು ಗಜ ಕೇಳಿದರೆ ಮೂರು ಗಜ ಅಳೆಯುತ್ತಾರೆ. ಆಮೇಲೆ ಕೋಲಿನ ತುದಿಗೆ ಎಡಗೈಯ ನಾಲ್ಕು ಬೆರಳು ಅಡ್ಡ ಇಟ್ಟು, ಬೆರಳುಗಳ ಆಚೆಗೆ ಕತ್ತರಿ ಹಾಕುತ್ತಾರೆ. ಬಟ್ಟೆ ತೊಳೆದರೆ ಕುಗ್ಗುತ್ತದೆ, ಆಗ ಗಿರಾಕಿ ನಮ್ಮನ್ನು ಬೈಯಬಾರದು ಎಂದು ಅವರಿಗೆ ಕೆಲಸ ಕಲಿಸಿದ ಮಾವ ಹೇಳಿದ್ದರಂತೆ. ನಾನು ನರ್ಸಿನ ಯೂನಿಫಾರ್ಮಿಗೆ ಬಟ್ಟೆ ತಂದದ್ದೂ ಅವರ ಅಂಗಡಿಯಿಂದಲೇ. ನಮ್ಮ ಪರಿಚಯವಾದದ್ದು ಹಾಗೆ. ಮುಂದೆ ಜುಮೇರಾ ಲೇಕ್ ಟವರ್ಸಿನ ಒಂದೇ ಮಹಡಿಯಲ್ಲಿ ಎದುರುಬದುರಾಗಿ ಬಂದು ಬೀಳುತ್ತೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾವು ಬಾಡಿಗೆಗೆ ಬಂದೆವು, ಅವರು ಕೊಂಡು ಬಂದರು. ಕೊಂಡು ಅಂದರೆ, ಅದೇ ಕಥೆ.

ಮೊದಲು ಸಾಲಿಹಾಳ ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ಹಾಲಿನ ಪುಡಿಯ ದೊಡ್ಡ ಡಬ್ಬಿ ಅದು. ಒಳಗೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಟ್ಟ ನಾಲ್ಕು ಹಿತ್ತಾಳೆ ಸರಪಳಿ. ಕೊಂಡಿಗೊಂದು ಹಿತ್ತಾಳೆಯ ಹೂವು. ಅವಳ ತಾಯಿ ಕೂರುತ್ತಿದ್ದ ಉಯ್ಯಾಲೆಯ ಸರಪಳಿಗಳು. ತಾಯಿ ತೀರಿಕೊಂಡ ಮೇಲೆ ಅಕ್ಕತಂಗಿಯರು ಬಳೆ, ಸರ ಹಂಚಿಕೊಂಡಾಗ ಇವಳು ಕೇಳಿದ್ದು ಇವಿಷ್ಟೇ. ದುಬೈಯಲ್ಲಿ ಇಪ್ಪತ್ತೇಳು ವರ್ಷದಲ್ಲಿ ಎಂಟು ಬಾಡಿಗೆ ಮನೆ ಬದಲಾದವು. ಎಂಟರಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಸೀಲಿಂಗಿನ ಮಾತು ಬಿಡಿ. ಡಬ್ಬಿ ಒಂದು ಮಂಚದ ಕೆಳಗಿನಿಂದ ಇನ್ನೊಂದು ಮಂಚದ ಕೆಳಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ, ಈದ್‌ಗೆ ಮುಂಚೆ, ಅವಳು ಹುಣಸೆಹಣ್ಣು ಹಚ್ಚಿ ಸರಪಳಿ ತಿಕ್ಕಿ ಹೊಳಪು ಮಾಡಿ ಮತ್ತೆ ಸೀರೆಯಲ್ಲಿ ಸುತ್ತಿಡುತ್ತಿದ್ದಳು.

ಭಾಯ್‌ಗೆ ಬಡ್ಡಿ ಸಾಲ ಆಗದು, ಧರ್ಮ ಒಪ್ಪುವುದಿಲ್ಲ. ಕೊನೆಗೆ ಒಂದು ಬ್ಯಾಂಕು ಸಿಕ್ಕಿತು. ಅದು ಸಾಲ ಕೊಡುವುದಿಲ್ಲ, ಜೊತೆಗೆ ಸೇರಿ ಮನೆ ಕೊಳ್ಳುತ್ತದೆ. ಕಾಲು ಪಾಲು ಇವರದು, ಮುಕ್ಕಾಲು ಬ್ಯಾಂಕಿನದು. ಬ್ಯಾಂಕಿನ ಪಾಲಿಗೆ ಇವರು ಬಾಡಿಗೆ ಕೊಡಬೇಕು, ಜೊತೆಗೆ ವರ್ಷ ವರ್ಷವೂ ಅದರ ಪಾಲನ್ನು ಇಷ್ಟಿಷ್ಟೇ ಕೊಳ್ಳುತ್ತಾ ಹೋಗಬೇಕು. ಹದಿನೈದು ವರ್ಷಕ್ಕೆ ಇಡೀ ಮನೆ ಇವರದು. ಅಲ್ ಐನ್‌ನಲ್ಲಿ ಕೆಲಸದಲ್ಲಿರುವ ಮಗ ರಯ್ಯಾನ್ ತನ್ನ ಸಂಬಳವನ್ನೂ ಸೇರಿಸಿದ. ಹೀಗೆ ಇಪ್ಪತ್ತೆರಡನೆಯ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಹಳೆಯ ಫ್ಲ್ಯಾಟು ಬಂತು. ಹಾಲಿನ ಕೊನೆಯಲ್ಲಿ ನೆಲದಿಂದ ಸೀಲಿಂಗಿನವರೆಗೆ ಒಂದು ಕಿಟಕಿ, ಅದರೊಳಗೆ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಸರೋವರದ ಒಂದು ಚೂರು.

ಒಕ್ಕಲಾದ ಮರುದಿನ ನಾನು ಕೇಕ್ ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು. ಭಾಯ್ ನೆಲದ ಮೇಲೆ ಮೊಣಕಾಲೂರಿ ಅಂಗಡಿಯ ಗಜಕೋಲು ಇಟ್ಟು ಟೈಲ್ಸ್ ಅಳೆಯುತ್ತಿದ್ದರು. ಕಿವಿಯ ಮೇಲೆ ದರ್ಜಿಗಳ ಸೀಮೆಸುಣ್ಣ.

"ಎಂತ ಮಾಡ್ತಾ ಇದ್ದೀರಿ ಭಾಯ್?"

"ಪಾಲು ಹಾಕ್ತಾ ಇದ್ದೆ ಸಿಸ್ಟರ್. ಬ್ಯಾಂಕಿಂದು ಎಷ್ಟು, ನಮ್ದು ಎಷ್ಟು ಅಂತ ಗೊತ್ತಿರ್ಬೇಕಲ್ಲ. ಬೇರೆಯವರ ಜಾಗಕ್ಕೆ ಕೈ ಹಾಕಿದ್ರೆ ನಾಳೆ ಅಲ್ಲಾಹನ ಮುಂದೆ ಎಂತ ಹೇಳೂದು?"

ಬಾಗಿಲಿನಿಂದ ಹಿಡಿದು ಅಡುಗೆಮನೆ, ಬಾತ್‌ರೂಮು, ಓಣಿಯಂಥ ಪ್ಯಾಸೇಜು, ಹಾಲಿನ ಒಂದು ಪಟ್ಟಿ, ಅಲ್ಲಿಗೆ ಕಾಲು ಪಾಲು ಮುಗಿಯಿತು. ಗೆರೆ ಎಳೆಯುವ ಮೊದಲು ಅವರು ಕೋಲಿನ ತುದಿಗೆ ನಾಲ್ಕು ಬೆರಳು ಇಟ್ಟರು. ಅಂಗಡಿಯಲ್ಲಿ ಇಡುವಂತೆ ಅಲ್ಲ, ತಿರುಗಿಸಿ, ತಮ್ಮ ಕಡೆಗೆ. ಬ್ಯಾಂಕಿಗೆ ನಾಲ್ಕು ಬೆರಳು ಹೆಚ್ಚು! ನಾನು ನಕ್ಕುಬಿಟ್ಟೆ. ಫೋನಿನಲ್ಲಿ ವಿಷಯ ಕೇಳಿದ ರಯ್ಯಾನ್ ಕೂಡ, "ಲೆಟ್ ಹಿಮ್ ಪ್ಲೇ, ಆಂಟಿ" ಎಂದು ನಕ್ಕ. ಇದು ಆಟವೆಂದೇ ಎಲ್ಲರೂ ಅಂದುಕೊಂಡೆವು. ನಗದೆ ಇದ್ದವಳು ಸಾಲಿಹಾ ಒಬ್ಬಳೇ. ಅವಳು ಕಿಟಕಿಯ ಬಳಿ ನಿಂತು ಸೀಲಿಂಗ್ ನೋಡುತ್ತಿದ್ದಳು.

"ಕಿಟಕಿ ಬದಿಯಿಂದ ಅಳೀರಿ" ಎಂದಳು.

"ಥಾನು ಬಿಚ್ಚೂದು ತುದಿಯಿಂದ ಸಾಲಿಹಾ. ಬಾಗ್ಲು ತುದಿ."

"ಕಿಟಕಿಯೂ ಒಂದು ತುದಿಯೇ ಅಲ್ದಾ?"

"ಅದು ಒಳಗಿನ ತುದಿ. ಒಳಗಿನ ತುದಿ ಕಟ್ಟಕಡೆಗೆ ಬರೂದು."

ಬಟ್ಟೆಯವನಿಗೆ ಮನೆಯೂ ಒಂದು ಥಾನು, ಸುತ್ತಿಟ್ಟ ಬಟ್ಟೆಯ ಉರುಳೆ. ಬ್ಯಾಂಕಿನ ಪಾಲಿನಲ್ಲಿ ಕೂರಬಹುದು, ಮಲಗಬಹುದು, ಅದಕ್ಕೆ ಬಾಡಿಗೆ ಕೊಡುತ್ತೇವಲ್ಲ. ಆದರೆ ಮೊಳೆ ಹೊಡೆಯುವಂತಿಲ್ಲ, ತೂತು ಕೊರೆಯುವಂತಿಲ್ಲ. ಇದು ಅವರ ಕಾನೂನು. ತಮ್ಮ ಪಾಲಿನ ಅಡುಗೆಮನೆಯಲ್ಲಿ ಮಾತ್ರ ಧೈರ್ಯವಾಗಿ ಆರು ಮೊಳೆ ಹೊಡೆದು ಒಂದು ಹಲಗೆ ಕೂರಿಸಿದರು. ಸಾಧಾರಣ ಹಲಗೆಯಲ್ಲ ಅದು. ಅಂಗಡಿ ಹೊಸದು ಮಾಡಿದಾಗ ಕಿತ್ತೆಸೆದ ಹಳೆಯ ಕೌಂಟರಿನ ತೇಗದ ಹಲಗೆ. ಅಂಚಿನಲ್ಲಿ ಗಜದ ಅಳತೆಗೆಂದು ಬಡಿದ ಹಿತ್ತಾಳೆ ಗುಂಡುಮೊಳೆಗಳು ಈಗಲೂ ಇದ್ದವು. ಮೂವತ್ತು ವರ್ಷ ಬಟ್ಟೆ ಜಾರಿ ಜಾರಿ ಮರ ಕನ್ನಡಿಯಾಗಿತ್ತು. ಸಾಲಿಹಾ ಅದರ ಮೇಲೆ ಮೆಣಸಿನ ಪುಡಿ, ಶ್ಯಾವಿಗೆ, ಉಪ್ಪಿನ ಬಾಟಲಿ ಇಟ್ಟಳು. ಸರಪಳಿಯ ಡಬ್ಬಿ ಒಂಬತ್ತನೆಯ ಬಾರಿ ಮಂಚದ ಕೆಳಗೆ ಹೋಯಿತು.

ಆ ವರ್ಷ ನನ್ನ ಡ್ಯೂಟಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಮೂರು ಗಂಟೆಗೆ ಸುಲೈಮಾನಿ ಚಹಾ ಕುಡಿಯಲು ನಾನು ಎದುರು ಮನೆಗೆ ಹೋಗುವುದು ರೂಢಿಯಾಯಿತು. ಗೆರೆ ದಾಟಿ ಬ್ಯಾಂಕಿನ ರಾಜ್ಯದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಆ ಹೊತ್ತಿಗೆ ಸರೋವರದ ಚೂರಿನ ಮೇಲೆ ಬಿದ್ದ ಬಿಸಿಲು ತಿರುಗಿ ಬಂದು ಸೀಲಿಂಗಿನಲ್ಲಿ ಅಲೆ ಅಲೆಯಾಗಿ ಆಡುತ್ತಿತ್ತು. ಸಾಲಿಹಾ ಕತ್ತೆತ್ತಿ ಅದನ್ನೇ ನೋಡುತ್ತಾ, ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದಳು. ಕುರ್ಚಿ ಕದಲುತ್ತಿರಲಿಲ್ಲ. ಅವಳು ಮಾತ್ರ ಮುಂದೆ ಹೋಗಿ ಹಿಂದೆ ಬರುತ್ತಿದ್ದಳು.

"ಇಲ್ಲಿ ತೂಗಿದ್ರೆ ಹೇಗೆ ಗೊತ್ತುಂಟಾ ನ್ಯಾನ್ಸಿ? ಮುಂದೆ ಹೋದ್ರೆ ನೀರು, ಹಿಂದೆ ಬಂದ್ರೆ ಮನೆ. ಮುಂದೆ ನೀರು, ಹಿಂದೆ ಮನೆ."

ಅವಳ ತಾಯಿ ಮಧ್ಯಾಹ್ನದ ನಮಾಜು ಮುಗಿಸಿ ಉಯ್ಯಾಲೆಯಲ್ಲಿ ಕೂರುತ್ತಿದ್ದರಂತೆ. ಇವಳ ತಲೆ ಅವರ ತೊಡೆಯ ಮೇಲೆ. ಕೊಂಡಿಗಳು ಕಿರ್ ಎನ್ನುವುದು, ಸ್ವಲ್ಪ ಹೊತ್ತು ಸುಮ್ಮನಾಗುವುದು, ಮತ್ತೆ ಕಿರ್ ಎನ್ನುವುದು. ಆ ಎರಡು ಸದ್ದಿನ ನಡುವೆ ನಿದ್ದೆ ಬರುತ್ತಿತ್ತಂತೆ. ಡಿಸೆಂಬರಿನಲ್ಲಿ ಮಂಜು ಕವಿದು ಸರೋವರ, ರಸ್ತೆ, ಮೆಟ್ರೊ ಎಲ್ಲ ಕರಗಿ, ಕಟ್ಟಡಗಳ ತಲೆಗಳಷ್ಟೇ ಬಿಳಿಯ ಮೇಲೆ ತೇಲುತ್ತಿದ್ದ ಒಂದು ರಜೆಯ ಬೆಳಗ್ಗೆ ನಾವಿಬ್ಬರೂ ಹಾಗೇ ಕೂತಿದ್ದೆವು. ನನಗೂ ಆ ಸದ್ದು ಕೇಳಿಸಿತು. ಆಣೆ ಮಾಡಿ ಹೇಳುತ್ತೇನೆ, ಕೇಳಿಸಿತು. ಕಣ್ಣು ತೆರೆದರೆ ಮನೆಯೇ ತೂಗುತ್ತಿದೆ ಅನ್ನಿಸಿ ಕುರ್ಚಿಯ ಕೈ ಹಿಡಿದುಕೊಂಡೆ. ಮನೆಗೆ ಬಂದು ಗಂಡ ಆಸ್ವಾಲ್ಡ್‌ಗೆ ಹೇಳಿದರೆ, "ಬಿ.ಪಿ. ನೋಡ್ಕೋ" ಎಂದರು. ಗಂಡಸರಿಗೆ ಏನು ಗೊತ್ತು.

ನೆಲ ಒರೆಸಿದಾಗಲೆಲ್ಲ ಗೆರೆ ಅಳಿಸಿಹೋಗುತ್ತಿತ್ತು. ಪ್ರತಿ ಶುಕ್ರವಾರ ಭಾಯ್ ಅದನ್ನು ಹೊಸದಾಗಿ ಎಳೆಯುತ್ತಿದ್ದರು. ವರ್ಷ ತುಂಬಿ ಬ್ಯಾಂಕಿನ ಪಾಲಿನ ಒಂದು ತುಣುಕು ಇವರದಾದ ದಿನ ಸಾಲಿಹಾ ಶ್ಯಾವಿಗೆ ಬಿರಿಯಾನಿ ಮಾಡಿದ್ದಳು. ಊಟವಾದ ಮೇಲೆ ಭಾಯ್ ಕೋಲು ತಂದು ಗೆರೆಯನ್ನು ಮುಂದಕ್ಕೆ ಸರಿಸಲು ಕೂತರು. ಅಳೆದರು. ಆಮೇಲೆ ಮತ್ತೆ ನಾಲ್ಕು ಬೆರಳು ತಮ್ಮ ಕಡೆಗೆ ಇಟ್ಟು ಗೆರೆ ಎಳೆದರು. ಸಾಲಿಹಾ ತಟ್ಟೆ ಎತ್ತುತ್ತಿದ್ದವಳು ಅಲ್ಲೇ ನಿಂತಳು.

"ಮತ್ತೆ ಯಾಕೆ? ಹೋದ ವರ್ಷ ಕೊಟ್ಟಾಯ್ತಲ್ಲ?"

"ಪ್ರತಿ ಅಳತೆಗೂ ಕೊಡೂದು ಪದ್ಧತಿ."

ಅವಳು ತಟ್ಟೆ ಹಿಡಿದು ಒಳಗೆ ಹೋದಳು. ಮೂರು ದಿನದ ಮೇಲೆ ನನ್ನ ಬಳಿ ಬಂದು, ಗಟ್ಟಿಯಾದ ಕಾರ್ಟನ್ ಇದ್ದರೆ ಕೊಡು ಎಂದು ಕೇಳಿದಳು. ಭಟ್ಕಳದಲ್ಲಿ ಅವಳ ಅಕ್ಕನ ಮಗಳು ಅಸೀಲಾ ಹೊಸ ಮನೆ ಕಟ್ಟಿಸಿದ್ದಾಳೆ, ಸರಪಳಿ ಅವಳಿಗೆ ಕಳಿಸುತ್ತಿದ್ದೇನೆ, ಶುಕ್ರವಾರ ಬೆಳಗ್ಗೆ ಕಾರ್ಗೋದವರು ಬರುತ್ತಾರೆ ಎಂದಳು.

"ಹುಚ್ಚಾ ನಿಂಗೆ? ಇಪ್ಪತ್ತೆಂಟು ವರ್ಷ ಇಟ್ಕೊಂಡು ಈಗ ಕೊಡೋದಾ?"

"ಹದಿನೈದು ವರ್ಷ ಕಾಯೂಕೆ ನಾನು ತಯಾರಿದ್ದೆ ನ್ಯಾನ್ಸಿ. ವರ್ಷ ವರ್ಷವೂ ನಾಲ್ಕು ಬೆರಳು ಹಿಂದೆ ಬಂದ್ರೆ ಕಿಟಕಿ ನನಗೆ ಸಿಗೂದೇ ಇಲ್ಲ. ಹಿತ್ತಾಳೆ ಕತ್ತಲೆಯಲ್ಲಿ ಕೂತು ಹಸಿರಾಗ್ತಾ ಉಂಟು. ಅಲ್ಲಾದ್ರೂ ಯಾರಾದ್ರೂ ತೂಗಲಿ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸಂಜೆ ಭಾಯ್ ಬರುವುದನ್ನೇ ಕಾದು ಲಿಫ್ಟಿನ ಬಾಗಿಲಲ್ಲೇ ಹಿಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ, ನೀವು ಹಾಸಿಗೆಯನ್ನೇ ಮಡಚಿಟ್ಟಿದ್ದೀರಲ್ಲ ಎಂದೆ. ಅವರು ಪಾಪ, ಕೈಚೀಲ ಹಿಡಿದು ತಲೆ ತಗ್ಗಿಸಿ ಕೇಳಿಸಿಕೊಂಡರು. ಸದ್ದಿಗೆ ಸಾಲಿಹಾ ಬಾಗಿಲು ತೆರೆದಳು. ಗಂಡಹೆಂಡಿರು ಮಾತಾಡುವುದು ನವಾಯತಿಯಲ್ಲಿ. ಅದರಲ್ಲಿ ಅರ್ಧ ನಮ್ಮ ಕೊಂಕಣಿಯೇ, ನನಗೆ ಎಲ್ಲ ತಿಳಿಯುತ್ತದೆ. ಅವಳು ದನಿ ಏರಿಸದೆ ಹೇಳಿದಳು:

"ರಯ್ಯಾನ್‌ನ ಅಬ್ಬಾ, ಮೂವತ್ತೆರಡು ವರ್ಷ ಕಂಡ ಕಂಡ ಗಿರಾಕಿಗೆಲ್ಲ ನಾಲ್ಕು ಬೆರಳು ಹೆಚ್ಚು ಕೊಟ್ಟಿರಿ. ಬ್ಯಾಂಕಿಗೂ ಕೊಟ್ಟಿರಿ. ನನಗೆ ಯಾವಾಗ ಕೊಡ್ತೀರಿ?"

ಭಾಯ್ ಕೈಚೀಲವನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋದರು.

ಮರುದಿನ, ಬುಧವಾರ, ಅವರೇ ನಮ್ಮ ಬೆಲ್ ಒತ್ತಿದರು. ಮುಖ ಬಾಡಿತ್ತು. "ಬ್ಯಾಂಕಿಗೆ ಹೋಗಿ ಕೇಳ್ತೇನೆ ಸಿಸ್ಟರ್. ಪಾಲುದಾರ ಅಂದ್ಮೇಲೆ ಕೇಳೂದರಲ್ಲಿ ನಾಚಿಕೆ ಇಲ್ಲ. ನೀವೂ ಬನ್ನಿ. ಸಾಲಿಹಾಗೆ ಹೇಳ್ಬೇಡಿ. ಕಾಗದ ಕೈಗೆ ಬರೂದರ ಮುಂಚೆ ನಾನು ಮಾತು ಕೊಡೂದಿಲ್ಲ." ಅಂದು ನನಗೆ ರಜೆ. ಹೊರಟೆ.

ಬ್ಯಾಂಕಿನಲ್ಲಿ ನಮಗೆ ಸಿಕ್ಕಿದವರು ಅಲಿಕುಂಞಿ ಎಂಬ ಆಫೀಸರು. ಕಾಸರಗೋಡಿನವರು, ಕನ್ನಡ ಶಾಲೆಯಲ್ಲಿ ಓದಿದವರು. ಭಾಯ್ ಬಾಗಿಲಿನಿಂದ ಶುರುಮಾಡಿ ಗೆರೆ, ಥಾನು, ನಾಲ್ಕು ಬೆರಳು, ಕಿಟಕಿ, ಉಯ್ಯಾಲೆ ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಅಲಿಕುಂಞಿ ಮೊದಲು ಕೀಬೋರ್ಡಿನ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಆಮೇಲೆ ಕೈ ತೆಗೆದರು.

"ಸಲಾಮ್ ಭಾಯ್, ಯಾರು ಹೇಳಿದ್ದು ನಿಮಗೆ ಮನೆಯನ್ನು ತುಂಡು ಮಾಡಿ ಹಂಚಿದ್ದು ಅಂತ? ಇದು ಬಟ್ಟೆ ಅಲ್ಲ ಮಾರಾಯ್ರೆ. ಅಡುಗೆಮನೆ ನಿಮ್ದು, ಕಿಟಕಿ ನಮ್ದು ಅಂತ ಎಲ್ಲಿಯೂ ಬರೆದಿಲ್ಲ. ಒಂದೊಂದು ಕಲ್ಲಿನಲ್ಲಿಯೂ ಇಬ್ಬರ ಪಾಲು ಉಂಟು."

ಭಾಯ್‌ಗೆ ಮೊದಲು ನೆನಪಾದದ್ದು ತಮ್ಮ ತಪ್ಪು. "ಹಾಗಾದ್ರೆ ನಾನು ಅಡುಗೆಮನೆಯಲ್ಲಿ ಆರು ಮೊಳೆ ಹೊಡೆದಿದ್ದೇನಲ್ಲ. ಅದು ನಿಮ್ಮ ಪಾಲಿಗೂ ತಾಗಿತಲ್ಲ. ಮಾಫ್ ಮಾಡ್ಬೇಕು."

ಅಲಿಕುಂಞಿ ನಗು ತಡೆದುಕೊಂಡು, "ಮಾಡಿದೆವು" ಎಂದರು.

"ಮತ್ತೆ ಕಿಟಕಿ? ಕಿಟಕಿಯಲ್ಲಿ ನಮ್ಮ ಕಾಲು ಪಾಲು ಉಂಟಾ?"

"ಉಂಟು."

"ಯಾವಾಗಿಂದ?"

"ಸಹಿ ಹಾಕಿದ ದಿನದಿಂದ."

ಎದುರಿಗಿದ್ದ ನೀರಿನ ಲೋಟವನ್ನು ಭಾಯ್ ಎತ್ತಿದರು, ಕುಡಿಯದೆ ಕೆಳಗಿಟ್ಟರು. ನನ್ನ ಕಡೆ ತಿರುಗಿದಾಗ ಆ ಕಣ್ಣುಗಳಲ್ಲಿ ನೀರಿತ್ತು. "ಸಿಸ್ಟರ್, ನಾನು ನನ್ನ ಹೆಂಡತಿಗೆ ಅಳತೆಯಲ್ಲಿ ಮೋಸ ಮಾಡ್ದೆ" ಎಂದರು. ನಿನ್ನೆ ಸಂಜೆ ಅಷ್ಟೆಲ್ಲ ಬೈದವಳು ನಾನೇ. ಅವರ ತೋಳು ಮುಟ್ಟುವ ಹಾಗೂ ಇಲ್ಲ. ಆ ಲೋಟವನ್ನೇ ಅವರತ್ತ ಸರಿಸಿದೆ.

ಸೀಲಿಂಗಿಗೆ ತೂತು ಕೊರೆಯಲು ಬ್ಯಾಂಕಿನ ಎನ್‌ಒಸಿ ಬೇಕು, ಅಂದರೆ ನಮ್ಮ ಆಕ್ಷೇಪವಿಲ್ಲ ಎನ್ನುವ ಕಾಗದ. ಅದು ಬಂದರೆ ಕಟ್ಟಡದವರೂ ಒಪ್ಪುತ್ತಾರೆ. ಈ ದೇಶದಲ್ಲಿ ಎನ್‌ಒಸಿ ಇಲ್ಲದೆ ಎಲೆಯೂ ಅಲುಗುವುದಿಲ್ಲ. ಆದರೆ ಉಯ್ಯಾಲೆಗೆ ಎನ್‌ಒಸಿ ಕೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲವಂತೆ, ಅದಕ್ಕೆ ಫಾರ್ಮೇ ಇಲ್ಲ. ಮೇಲಿನವರಿಗೆ ಬರೆದು ಶುಕ್ರವಾರದೊಳಗೆ ತರಿಸಲು ನೋಡುತ್ತೇನೆ ಎಂದರು ಅಲಿಕುಂಞಿ. ಹೊರಡುವಾಗ, "ನಮ್ಮ ಉಮ್ಮನ ಮನೆಯಲ್ಲಿಯೂ ಒಂದು ಇತ್ತು" ಎಂದಷ್ಟೇ ಹೇಳಿ ಮತ್ತೆ ಪರದೆಯ ಕಡೆ ತಿರುಗಿದರು.

ಶುಕ್ರವಾರ ಹತ್ತು ಗಂಟೆಗೆ ಕಾರ್ಗೋದವರು ಬಂದರು. ಎನ್‌ಒಸಿ ಬಂದಿರಲಿಲ್ಲ. ಟೇಪು ಸುತ್ತಿ, ಅಸೀಲಾಳ ವಿಳಾಸ ಬರೆದ ಕಾರ್ಟನ್ ಪ್ಯಾಸೇಜಿನಲ್ಲಿತ್ತು. ಅವರು ಅದಕ್ಕೆ ಕೈ ಹಾಕುವಷ್ಟರಲ್ಲಿ, ಜುಮಾ ನಮಾಜಿಗೆಂದು ಬಿಳಿ ಜುಬ್ಬಾ ಹಾಕಿ ಅತ್ತರು ಹಚ್ಚಿಕೊಂಡಿದ್ದ ಭಾಯ್ ಬಂದು ಕಾರ್ಟನಿನ ಮೇಲೆ ಕೂತುಬಿಟ್ಟರು.

"ಏಳಿ" ಎಂದಳು ಸಾಲಿಹಾ.

"ಏಳೂದಿಲ್ಲ."

"ಅವರಿಗೆ ಬೇರೆ ಕೆಲಸ ಉಂಟು."

"ಮಾಫಿ. ಇವತ್ತು ಕಾರ್ಗೋ ಮಾಫಿ" ಎಂದು, ಇಲ್ಲ ಎನ್ನುವುದಕ್ಕೆ ಇಲ್ಲಿಯವರು ಆಡುವ ಅರಬ್ಬಿ ಮಾತಿನಲ್ಲಿ ಹೇಳಿ, ಅವರು ಕಾರ್ಗೋದವರಿಗೆ ಕೈಯಾಡಿಸಿದರು. ಇನ್ನೊಂದು ಕೈಯಲ್ಲಿ ಫೋನು. ಬಂದವರು ನನ್ನ ಮುಖ ನೋಡಿದರು. ನಾನು ಅವರನ್ನು ಒಳಗೆ ಕೂರಿಸಿ ಚಹಾ ಮಾಡಿಕೊಟ್ಟೆ, ಎರಡನೇ ಬಾರಿಯೂ ಮಾಡಿಕೊಟ್ಟೆ. ಮೂರನೆಯದನ್ನು ಅವರು ಬೇಡವೆಂದರು. ಸಾಲಿಹಾ ಸಿಟ್ಟಿನಿಂದ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಷ್ಟು ದಿನದಲ್ಲಿ ಅವಳ ಬಾಗಿಲು ಬಡಿದ ಸದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹನ್ನೊಂದೂಕಾಲಕ್ಕೆ ಫೋನು ಟಿಣ್ ಎಂದಿತು. ಭಾಯ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಎದ್ದು, ಕಾರ್ಗೋದವರಿಗೆ ಬಂದ ಕೂಲಿ ಕೊಟ್ಟು ಕಳಿಸಿದರು. ಆಮೇಲೆ ಜುಬ್ಬಾದ ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದು, ಮೊಣಕಾಲೂರಿ, ಈ ಗೋಡೆಯಿಂದ ಆ ಗೋಡೆಯವರೆಗೆ ಗೆರೆಯನ್ನು ಒರೆಸಿದರು. ಸಾಲಿಹಾ ಬಾಗಿಲು ತೆರೆದಾಗ ಅವರು ಇನ್ನೂ ನೆಲದ ಮೇಲೇ ಇದ್ದರು.

"ನಿನ್ನ ಕಿಟಕಿ ಮೊದಲ ದಿನವೇ ನಿಂದಾಗಿತ್ತು. ನನಗೆ ಅಳೆಯೂಕೆ ಗೊತ್ತಾಗಲಿಲ್ಲ" ಎಂದರು.

ಅವಳು ಫೋನು ಇಸಿದುಕೊಂಡು ಓದಿದಳು. ಇಂಗ್ಲಿಷಿನ ನಾಲ್ಕು ಸಾಲು, ನಡುವೆ 'ಸ್ವಿಂಗ್' ಎಂಬ ಶಬ್ದ. ಆಗ ಅತ್ತಳು ನೋಡಿ. ನಾನು ಕಾರ್ಟನಿನ ಟೇಪು ಬಿಚ್ಚುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ವಾರಾಂತ್ಯದಲ್ಲಿ ಡ್ರಿಲ್ ಹಾಕುವಂತಿಲ್ಲ, ಸೋಮವಾರದವರೆಗೆ ಕಾಯಬೇಕಾಯಿತು. ಆ ಎರಡು ದಿನದಲ್ಲಿ ಭಾಯ್ ಅಡುಗೆಮನೆಯ ಹಲಗೆ ಬಿಚ್ಚಿ, ಮೆಣಸಿನ ಪುಡಿಯ ಕಲೆ ತೊಳೆದು, ನಾಲ್ಕು ಮೂಲೆಗೆ ತೂತು ಮಾಡಿಸಿ ತಂದರು. ಗೋಡೆಯಲ್ಲಿ ಉಳಿದ ಆರು ತೂತುಗಳಿಗೆ ತಾವೇ ಬಿಳಿ ಪುಟ್ಟಿ ಮೆತ್ತಿದರು. ಬ್ಯಾಂಕಿನ ಪಾಲಿಗೂ ಸೇರಿಸಿ ಮೆತ್ತಿದಿರಾ ಎಂದು ನಾನು ರೇಗಿಸಿದರೆ, ಹೌದು ಎಂದು ಗಂಭೀರವಾಗಿಯೇ ತಲೆಯಾಡಿಸಿದರು.

ಸೋಮವಾರ ಮೂರು ಗಂಟೆಯ ಹೊತ್ತಿಗೆ ಕೆಲಸದವರು ಹೋಗಿಯಾಗಿತ್ತು. ಸೀಲಿಂಗಿನಲ್ಲಿ ನೀರಿನ ಬೆಳಕು ಆಡುತ್ತಿತ್ತು, ಅದರ ನಡುವಿನಿಂದ ನಾಲ್ಕು ಸರಪಳಿ ಇಳಿದಿದ್ದವು. ಸಾಲಿಹಾ ಹಲಗೆಯನ್ನು ಕೈಯಿಂದ ಸವರಿದಳು. ಗುಂಡುಮೊಳೆಗಳನ್ನು ಬೆರಳಿನಲ್ಲಿ ಒಂದೊಂದಾಗಿ ಮುಟ್ಟಿದಳು. ಮೆಲ್ಲಗೆ ಕೂತಳು. ಹೆಬ್ಬೆರಳು ನೆಲ ಒತ್ತಿತು. ಕಿರ್ ಎಂದಿತು. ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ಕಿರ್ ಎಂದಿತು. ಮಂಜಿನ ದಿನ ನನಗೆ ಕೇಳಿಸಿದ್ದು ಇದೇ ಸದ್ದು, ಬಿ.ಪಿ. ಅಲ್ಲ.

ಭಾಯ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು, ಗಿರಾಕಿ ಬಟ್ಟೆಯನ್ನು ಒಪ್ಪಿಯಾರೋ ಇಲ್ಲವೋ ಎಂದು ನಿಂತವರಂತೆ. ಅವಳು ಕಾಲೂರಿ ಉಯ್ಯಾಲೆ ನಿಲ್ಲಿಸಿದಳು.

"ಬನ್ನಿ, ಕೂತ್ಕೊಳ್ಳಿ."

"ನೀನು ಆರಾಮಾಗಿ ಕೂತ್ಕೋ. ಇಬ್ಬರಿಗೆ ಜಾಗ ಸಾಲೂದಿಲ್ಲ."

ಸಾಲಿಹಾ ಹಲಗೆಯ ನಡುವಿನ ಗುಂಡುಮೊಳೆ ಎಲ್ಲಿದೆ ಎಂದು ನೋಡಿಕೊಂಡು, ಸರಿಯಾಗಿ ಅರ್ಧ ಬಿಟ್ಟು ಆಚೆ ಸರಿದಳು. ಅವರು ಇನ್ನೂ ಅನುಮಾನಿಸುತ್ತಾ ನಿಂತೇ ಇದ್ದರು. ಅವಳು ಎಡಗೈಯ ನಾಲ್ಕು ಬೆರಳನ್ನು ಹಲಗೆಯ ಮೇಲೆ ಅಡ್ಡ ಇಟ್ಟು, ಇನ್ನೂ ಅಷ್ಟು ಸರಿದಳು.